ಗುಮ್ಮ ಬಾಯಿ ತೆರೆದ ಸಂಜೆ

ವಿಮಾನಪುರದ ಕ್ವಾರ್ಟರ್ಸ್‌ನಲ್ಲಿ ಕಾರ್ಖಾನೆಯ ಸೈರನ್ ಕೂಗಿತೆಂದರೆ ಅಮ್ಮಂದಿರು ತಟ್ಟೆ ಹಿಡಿದು ಹೊಸ್ತಿಲಿಗೆ ಬರುತ್ತಿದ್ದರು. ಅವರು ಕಾಯುತ್ತಿದ್ದದ್ದು ನನ್ನ ಅಪ್ಪನಿಗಾಗಿ. ಅಪ್ಪನಿಗೆ ವಿಮಾನದ ಎಂಜಿನ್ ಪರೀಕ್ಷಿಸುವ ಶೆಡ್ಡಿನಲ್ಲಿ ಕೆಲಸ. ಆ ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ಗೊಗ್ಗರಾಗಿತ್ತು, ಕಿವಿಯೂ ಮಂದವಾಗಿತ್ತು. ಸೈಕಲ್ ನಿಲ್ಲಿಸಿ, ಬಾಯಿಗೆ ಕೈ ಅಡ್ಡ ಹಿಡಿದು "ಗುಮ್ಮ್" ಎಂದರೆ ಸಾಕು, ಸಾಲುಮನೆಗಳ ಮಕ್ಕಳೆಲ್ಲ ಗಬಗಬನೆ ನುಂಗುತ್ತಿದ್ದವು.

"ನಾಳೇನೂ ಸ್ವಲ್ಪ ನಿಂತು ಹೋಗಿ ಅಣ್ಣ, ಇವತ್ತು ಪೂರ್ತಿ ತಿಂದ" ಎಂದು ಯಾರಾದರೂ ಹೇಳಿದರೆ ಅಪ್ಪ ಬೀಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಉಳಿದವರ ಅಪ್ಪಂದಿರು ಫಿಟ್ಟರು, ಫೋರ್‌ಮನ್ನು; ನನ್ನಪ್ಪ ಮಾತ್ರ ಗುಮ್ಮ.

ಈಗ ಅಪ್ಪ ಹೊರಮಾವಿನ ಫ್ಲ್ಯಾಟಿನಲ್ಲಿ ನನ್ನ ಜೊತೆ ಇದ್ದಾರೆ. ಎದುರು ಮನೆಗೆ ಹಲಸೂರಿನಿಂದ ಒಂದು ತಮಿಳು ಸಂಸಾರ ಬಂದಿದೆ. ಅವರ ಪುಟ್ಟ ಹುಡುಗಿ ಅಪ್ಪನ ದನಿ ಕೇಳಿದರೆ ಅಮ್ಮನ ವೇಲಿನೊಳಗೆ ನುಸುಳಿಬಿಡುತ್ತಿದ್ದಳು. ಒಂದು ದಿನ ಬಾಗಿಲು ಮುಚ್ಚಿದ ಮೇಲೆ ಅಪ್ಪ ಮೆಲ್ಲಗೆ ಹೇಳಿದರು: "ಒಂದು ಮಗೂನೂ ನನ್ ಹತ್ರ ಬರ್ಲಿಲ್ಲ ನೋಡು. ಆಗ ನಾನೇ ಹೆದರಿಸ್ತಿದ್ದೆ, ಸರಿ. ಈಗ್ಲಾದ್ರೂ ಒಂದು ಬರಬಾರ್ದಾ?"

ಏನೂ ತೋಚದಿದ್ದಾಗ ನಾನು ನಿಘಂಟು ತೆಗೆಯುವವಳು. ಗುಮ್ಮ: ಮಕ್ಕಳನ್ನು ಹೆದರಿಸುವ ರೂಪ, ಗೂಬೆಯೂ ಹೌದು. ಗೂಬೆಯ ಕೂಗಿನಿಂದ ಹುಟ್ಟಿದ್ದೋ, ಬರೀ ಸದ್ದಿನಿಂದಲೋ, ಖಚಿತವಾಗಲಿಲ್ಲ. ನಿಮ್ಮ ತಮಿಳು ಗುಮ್ಮ, ಆ ಪೂಚಾಂಡಿ ಎಲ್ಲಿಂದ ಬಂದ ಎಂದು ಎದುರು ಮನೆಯಾಕೆಯನ್ನು ಕೇಳಿದೆ. "ಯಾರಿಗ್ ಗೊತ್ತು ಅಕ್ಕ. ಊಟದ್ ಟೈಮಿಗೆ ಬರ್ತಾನೆ, ತಟ್ಟೆ ಖಾಲಿಯಾದ್ರೆ ಹೋಗ್ತಾನೆ" ಎಂದಳು.

ಗುಮ್ಮ ಎಲ್ಲಿಂದ ಬಂದ ಎಂದು ಅಪ್ಪನ ಕಿವಿಯ ಹತ್ತಿರ ಜೋರಾಗಿ ಕೇಳಿದೆ. "ವಾಡೆಯಿಂದ" ಎಂದರು. ಅವರಜ್ಜಿಯ ಮನೆಯಲ್ಲಿ ರಾಗಿ ತುಂಬಿಡುವ ಆಳೆತ್ತರದ ಮಣ್ಣಿನ ವಾಡೆ ಇತ್ತಂತೆ. ಮಕ್ಕಳು ಒಳಗೆ ಬಿದ್ದಾರು ಎಂದು ಅದರಲ್ಲಿ ಗುಮ್ಮನಿದ್ದಾನೆ ಎನ್ನುತ್ತಿದ್ದರಂತೆ. ಒಂದು ಸಲ ಅಜ್ಜಿ ಇವರನ್ನು ಎತ್ತಿ ಹಿಡಿದು, ಖಾಲಿ ವಾಡೆಯೊಳಗೆ ಕೂಗಿಸಿದಳು. ಒಳಗಿನಿಂದ ಯಾರೋ ದೊಡ್ಡವರು ಓಗೊಟ್ಟರು. "ಒಳಗಿರೋನು ನೀನೇ ಕಣೋ ಅಂದ್ಲು. ಆಮೇಲೆ ಹೆದರಿಕೆ ಹೋಯ್ತು."

ಯಾವ ಪಂಡಿತರೂ ಇದನ್ನು ಒಪ್ಪಲಾರರು. ನಾನು ಒಪ್ಪಿಬಿಟ್ಟೆ. ಅಂದು ಮಧ್ಯಾಹ್ನದ ಜೊಂಪಿನಲ್ಲಿ ನನಗೆ ಬಿದ್ದ ಕನಸಿನಲ್ಲಿ ಎಂಜಿನ್ ಶೆಡ್ಡು ಒಂದು ಮಹಾ ವಾಡೆಯಾಗಿತ್ತು. ಅದರ ತಳದಲ್ಲಿ ಚಡ್ಡಿ ಹಾಕಿದ ಪುಟ್ಟ ಅಪ್ಪ ನಿಂತು ಕೂಗುತ್ತಿದ್ದರು. ಕೂಗೆಲ್ಲ ಬಣ್ಣದ ಧೂಳಾಗಿ ಮೇಲೇಳುತ್ತಿತ್ತು.

ಮರುದಿನ ಸಂಜೆ ಅಪ್ಪ, ನನ್ನ ಅಮ್ಮನ ಕಾಲದ ತಾಮ್ರದ ಹಂಡೆಯನ್ನು ಕಾರಿಡಾರಿಗೆ ತರಿಸಿದರು. ಕುರ್ಚಿಯಲ್ಲಿ ಬಾಗಿ, ಮುಖವನ್ನು ಅದರೊಳಗಿಟ್ಟು "ಗುಮ್ಮ್" ಎಂದರು. ಇಳಿಬಿಸಿಲಿಗೆ ಹಂಡೆ ಹೊಳೆಯುತ್ತಿತ್ತು. ಎದುರು ಬಾಗಿಲು ಗೇಣಗಲ ತೆರೆಯಿತು. ಬಹಳ ಹೊತ್ತಿನ ಮೇಲೆ ಹುಡುಗಿ ಗೋಡೆ ಸವರುತ್ತ ಬಂದು, ಹಂಡೆಗೆ ಬಗ್ಗಿ, "ಪೂಚಾಂಡಿ" ಎಂದಳು. ಅದೂ ದೊಡ್ಡ ದನಿಯಲ್ಲಿ ತಿರುಗಿ ಬಂತು. ಅವಳು ಕಿಲಕಿಲ ನಕ್ಕಳು. ಅಪ್ಪ ಮಾತ್ರ ಅಲ್ಲಾಡದೆ ಕೂತಿದ್ದರು, ಎಲ್ಲಿ ಓಡಿಹೋಗುತ್ತಾಳೋ ಎಂದು.

ಆಮೇಲೆ ಹಂಡೆಯನ್ನು ಒಳಗಿಡಲು ಅವಳು ಬಿಡಲೇ ಇಲ್ಲ. ಎರಡೂ ಭಾಷೆ ಕಲಸಿಕೊಂಡು ಅಪ್ಪನ ಜೊತೆ ಹರಟುತ್ತಿದ್ದಳು. ಮೊನ್ನೆ ಸಂಜೆ ಮೊಸರನ್ನದ ತಟ್ಟೆ ಹಿಡಿದುಕೊಂಡೇ ಬಂದಳು. ಅಪ್ಪನ ಮೊಣಕಾಲಿಗೆ ಒರಗಿ, ಅರ್ಧ ಚೆಲ್ಲಿದ ತುತ್ತನ್ನು ಮೇಲೆತ್ತಿದಳು. ಅಪ್ಪ ಬೇಡವೆಂದು ತಲೆಯಾಡಿಸಿದರು.

"ತಿನ್ನು ತಾತಾ. ಇಲ್ಲಾಂದ್ರೆ ಗುಮ್ಮ ಬರ್ತಾನೆ."

ಅಪ್ಪ ನನ್ನ ಕಡೆ ನೋಡಿದರು. ಕಣ್ಣು ತುಂಬಿತ್ತು.

"ಬೇಡ ಕಣಮ್ಮಾ, ಕರೀಬೇಡ ಅವನ್ನ, ತಿಂತೀನಿ" ಎಂದು ಬಾಯಿ ತೆರೆದರು.