ಸೊಂಡಿಲು ತಿರುಗಿದ ಚಿತ್ರ

ಕಂಪ್ಲಿ ಬಸ್ ನಿಲ್ದಾಣದ ಎದುರಿನ ಸ್ಟುಡಿಯೊ ಪಕ್ಕೀರಪ್ಪನವರದು. ಪಾಸ್‌ಪೋರ್ಟ್ ಫೋಟೊ ತೆಗೆದೇ ಸಂಸಾರ ನಡೆಸಿದವರು. ಆದರೆ ನಲವತ್ತು ವರ್ಷ, ಭಾನುವಾರ ಬಂತೆಂದರೆ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೋಗಿ, ಅಲ್ಲಿಂದ ನಡೆದು, ಹಂಪಿಯ ಹಾಳು ಮಂಟಪಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದರು. "ಬಣ್ಣ ಬಂದ್ರ ಜನ ಆಕಾಶ ನೋಡ್ತಾರ್ರಿ, ಕಲ್ಲು ನೋಡಂಗಿಲ್ಲ" ಎನ್ನುತ್ತಿದ್ದರು. ಪ್ರತಿ ಚಿತ್ರದ ಕೆಳಗೆ ಸಣ್ಣಗೆ ತಮ್ಮ ಹೆಸರು ಬರೆಯುತ್ತಿದ್ದರು. ಬದುಕಿನಲ್ಲಿ ಅವರಿಗಿದ್ದ ಅಭಿಮಾನ ಅದೊಂದೇ.

ಹೊಸಪೇಟೆಯಲ್ಲಿ ಡಿಜಿಟಲ್ ಸ್ಟುಡಿಯೊ ಇಟ್ಟಿರುವ ಪ್ರವೀಣ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದ. "ನೆಗೆಟಿವ್ ಎಲ್ಲಾ ಕಂಪ್ಯೂಟರಿಗೆ ಹಾಕಿ ಕೊಡ್ತೀನಿ ಕಾಕಾ, ಇಲ್ಲಾಂದ್ರ ಫಂಗಸ್ ಹಿಡೀತಾವ" ಎಂದು ಡಬ್ಬಿ ಒಯ್ದ, ವಾರದಲ್ಲಿ ತಂದೂ ಕೊಟ್ಟ. ಆಮೇಲೆ ಅಕ್ಕಿ ಗಿರಣಿಯ ಶಂಭುಲಿಂಗ ಹೊಸಪೇಟೆಯಲ್ಲಿ ಲಾಡ್ಜ್ ಕಟ್ಟಿಸಿದಾಗ ಅದರ ಗೋಡೆಗಳ ಮೇಲೆ ಪಕ್ಕೀರಪ್ಪನವರ ಇಪ್ಪತ್ತು ಚಿತ್ರಗಳು ಬಂದವು. ಕೆಳಗಿದ್ದ ಹೆಸರು ಪ್ರವೀಣನದು.

ಪಕ್ಕೀರಪ್ಪ ಅವನ ಅಂಗಡಿಗೆ ಕೇಳಲು ಹೋದರೆ ಪ್ರವೀಣ ಗಿರಾಕಿಗಳ ಮುಂದೆಯೇ ನಕ್ಕ. "ಕಲ್ಲು ನಿಮ್ಮಪ್ಪಂದೇನು ಕಾಕಾ? ಅಲ್ಲೇ ನಿಂತು ನಾನೂ ಫೋಟೊ ಹೊಡದೀನಿ. ನಿಮ್ಮ ನೆಗೆಟಿವ್ ಉಪ್ಪಿನಕಾಯಿ ಹಾಕ್ಕೋರಿ."

ಗಿರಾಕಿಗಳೂ ನಕ್ಕರು.

ಊರಿಗೆ ಮರಳುವ ಮೊದಲು ಪಕ್ಕೀರಪ್ಪ ಮತ್ತೊಮ್ಮೆ ಲಾಡ್ಜಿಗೆ ಹೋದರು. ಬಾಗಿಲೆದುರಿನ ದೊಡ್ಡ ಚಿತ್ರಕ್ಕೆ ಹಾರ ಹಾಕಿ ದೀಪ ಹಚ್ಚಿದ್ದರು. ಕುಸಿದ ಮಂಟಪವೊಂದರ ಕಂಬದ ಮೇಲಿನ ಗಣಪತಿ ಅದು. ಶಂಭುಲಿಂಗ ಕೈ ಮುಗಿದು ಹೇಳಿದರು: "ಸೊಂಡಿಲು ಬಲಕ್ಕ ಐತಿ, ಬಲಮುರಿ ಗಣಪ ರೀ. ಸುಮ್ನ ಅಲ್ಲ, ಪುರೋಹಿತರನ್ನ ಕರಸಿ ಮಡೀಲೆ ಪೂಜಿ ಮಾಡಸ್ತೀನಿ. ಪ್ರವೀಣ ಹುಡುಕಿ ತಂದ."

ಆದರೆ ಹಂಪಿಯ ಆ ಕಂಬದಲ್ಲಿ ಕಲ್ಲಿನ ಗಣಪತಿಯ ಸೊಂಡಿಲು ಎಡಕ್ಕಿದೆ. ನೆಗೆಟಿವಿಗೆ ಮಂಕಾದ ಬದಿಯೊಂದು, ಹೊಳೆಯುವ ಬದಿಯೊಂದು. ಪ್ರವೀಣ ಅದನ್ನು ಬೋರಲು ಇಟ್ಟು ಕಂಪ್ಯೂಟರಿಗೆ ಹಾಕಿದ್ದ. ಎಡ ಬಲವಾಗಿತ್ತು. ಆ ಕಂಬದ ಮುಂದೆ ಒಮ್ಮೆಯಾದರೂ ನಿಂತವನು ಮಾಡದ ತಪ್ಪು ಅದು.

ಪಕ್ಕೀರಪ್ಪ ತಾವೂ ಚಿತ್ರಕ್ಕೆ ಕೈ ಮುಗಿದು ಕಂಪ್ಲಿ ಬಸ್ ಹತ್ತಿದರು.

ಮನೆಯಲ್ಲಿ ಹೆಂಡತಿ ರೇಣುಕಾದೇವಿ, "ಈಗ್ಲೇ ಹೋಗಿ ಹೇಳ್ರಿ" ಎಂದರು.

"ಹೇಳಿದ್ರ ನಾಳೇನ ತಿರುವಿ ಪ್ರಿಂಟ್ ಹಾಕ್ತಾನ. ಊರೆಲ್ಲಾ ನೆರೀಲಿ, ತಡಿ."

"ಅಲ್ಲೀ ತನಕ ತಪ್ಪು ಪೂಜಿ ನಡೀತೈತಿ. ಪಾಪ ನಿಮಗ ತಟ್ಟಂಗಿಲ್ಲೇನು?"

"ತಟ್ಲಿ. ಮೊದ್ಲ ಅವಂಗ ತಟ್ಲಿ."

ನಾಲ್ಕು ತಿಂಗಳು ಕಾದರು. ಹೊಸಪೇಟೆಗೆ ಹೋದಾಗಲೆಲ್ಲ ಲಾಡ್ಜಿಗೆ ಹೋಗಿ, ಚಿತ್ರ ಹಾಗೆಯೇ ಇದೆಯೆಂದು ನೋಡಿ ಬರುತ್ತಿದ್ದರು. ರೇಣುಕಾದೇವಿ ಅಷ್ಟೂ ದಿನ ಗಣಪತಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದರು.

ಮಾಘದಲ್ಲಿ ಶಂಭುಲಿಂಗ ಲಾಡ್ಜಿನಲ್ಲಿ ಗಣಹೋಮ ಮಾಡಿಸಿದರು. ಬೀಗರು, ಗಿರಣಿ ಮಾಲೀಕರು, ಪ್ರವೀಣ, ಎಲ್ಲರೂ ಬಂದಿದ್ದರು; ಚಿತ್ರ ನೋಡಲು ಬಂದು ಬಂದು ಪರಿಚಯವಾಗಿದ್ದ ಪಕ್ಕೀರಪ್ಪನವರಿಗೂ ಕರೆ ಹೋಗಿತ್ತು. ಊಟ ಮುಗಿದ ಮೇಲೆ ಪಕ್ಕೀರಪ್ಪ ಎದ್ದು ನಿಂತರು. "ಸಾವ್ಕಾರ್ರ, ಹಂಪ್ಯಾಗ ಈ ಗಣಪನ ಮೂಲಸ್ಥಾನಕ್ಕ ಒಂದು ಕಾಯಿ ಒಡಸಬ್ಯಾಡೇನ್ರಿ? ಪ್ರವೀಣ ದಾರಿ ತೋರಸ್ತಾನ."

"ಬಿಸ್ಲು ಭಾಳ ಐತಿ ಕಾಕಾ" ಎಂದ ಪ್ರವೀಣ. ಯಾರೂ ಕೇಳಲಿಲ್ಲ. ಎರಡು ಗಾಡಿ ಹೊರಟವು. ಪ್ರವೀಣ ಎರಡು ಕಡೆ ಇಳಿಸಿದ, ಎರಡೂ ಕಡೆ ಗಣಪತಿ ಇರಲಿಲ್ಲ. ಕೊನೆಗೆ ಪಕ್ಕೀರಪ್ಪನವರೇ ಮುಂದೆ ನಡೆದರು.

ಶಂಭುಲಿಂಗ ಕಂಬ ನೋಡಿದರು, ಮೊಬೈಲಿನಲ್ಲಿದ್ದ ಚಿತ್ರ ನೋಡಿದರು. "ಏನಲೇ ಇದು?"

"ಪ್ರಿಂಟಿನ್ಯಾಗ ಸ್ವಲ್ಪ..."

ಪಕ್ಕೀರಪ್ಪ ಜೇಬಿನಿಂದ ನೆಗೆಟಿವ್ ತೆಗೆದು ಬಿಸಿಲಿಗೆ ಹಿಡಿದರು. "ಹಿಂಗ ಹಿಡಿದ್ರ ಈ ಕಲ್ಲಿನ ದೇವ್ರು. ಹಿಂಗ ತಿರುವಿದ್ರ ನಿಮ್ಮ ಲಾಡ್ಜಿನ ದೇವ್ರು. ಇಲ್ಲಿಗೆ ಬಂದು ಹೊಡದ್ನಂತ ಇವ, ಕೇಳ್ರಿ."

"ಎಡಮುರಿಗೆ ಬಲಮುರಿ ಪೂಜಿ ಮಾಡಿಸಿದೆಲ್ಲೋ, ನನ್ನ ಬೀಗರ ಮುಂದ!" ಶಂಭುಲಿಂಗ ಚೀರಿದರು.

ಪ್ರವೀಣ ಹತ್ತಿರ ಸರಿದು ಪಿಸುಗುಟ್ಟಿದ. "ಕಾಕಾ, ನಂಗ ಒಬ್ನಿಗೆ ಹೇಳಬೌದಿತ್ತಲ್ಲ."

"ನಿನ್ನ ಅಂಗಡ್ಯಾಗ ನೀ ನಂಗ ಒಬ್ನಿಗೇ ಹೇಳಿದ್ದೇನು?"

ದೊಡ್ಡ ಚಿತ್ರವನ್ನು ಸರಿಯಾಗಿ ಹಾಕಿಕೊಡಲು ಪಕ್ಕೀರಪ್ಪ ಒಪ್ಪಿದರು, ಒಂದು ಶರತ್ತಿನ ಮೇಲೆ. ಇಪ್ಪತ್ತೂ ಚಿತ್ರಗಳ ಕೆಳಗಿನ ಹೆಸರು ಕೆರೆದು, ಅವರ ಹೆಸರನ್ನು ಪ್ರವೀಣನೇ ಕೈಯಾರೆ ಬರೆಯಬೇಕು, ಜನ ಇರುವ ಹೊತ್ತಿನಲ್ಲಿ. ಅವರು ಕುರ್ಚಿ ಹಾಕಿಸಿಕೊಂಡು ಎದುರಿಗೇ ಕುಳಿತರು. ಏಳನೆಯ ಚಿತ್ರಕ್ಕೆ ಬರುವಾಗ ಪ್ರವೀಣನ ಅಕ್ಷರ ಸೊಟ್ಟಗಾಯಿತು.

"ಅಳಸು," ಎಂದರು ಪಕ್ಕೀರಪ್ಪ, "ಚಂದಾಗಿ ಬರಿ."

ನಾನು ಅವರ ಮನೆಗೆ ಹೋಗಿದ್ದಾಗ ರೇಣುಕಾದೇವಿ ಇದನ್ನು ನನಗೆ ಹೇಳುತ್ತಾ ತಲೆ ತಗ್ಗಿಸಿದರು. ಪಕ್ಕದಲ್ಲಿ ಚಹ ಕುಡಿಯುತ್ತಿದ್ದ ಪಕ್ಕೀರಪ್ಪ ತಿದ್ದಿದರು: "ಒಂದ್ಸಲ ಅಲ್ಲ, ಎರಡು ಸಲ ಅಳಸಿದ."