ರೋಣದಿಂದ ಬಂದ ತೋಳ

ಗಜೇಂದ್ರಗಡದ ಸುವರ್ಣಾಳ ಮುಖದ ಮೇಲೆ ಕೂದಲು ಬರತೊಡಗಿದ್ದು ಅವಳು ಏಳನೆಯ ಇಯತ್ತೆಯಲ್ಲಿದ್ದಾಗ. ಮೊದಲು ತುಟಿಯ ಮೇಲೆ, ಆಮೇಲೆ ಕೆನ್ನೆಯ ಅಂಚಿಗೆ, ಗದ್ದಕ್ಕೆ. ಗದಗಿನ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಹಾರ್ಮೋನಿನ ಏರುಪೇರು, ಜೀವಕ್ಕೇನೂ ಅಪಾಯವಿಲ್ಲ ಎಂದರು. ಶಾಲೆಯ ಹುಡುಗರು ಅಷ್ಟು ದೂರ ಹೋಗಲಿಲ್ಲ. ತ್ವಾಳ ಎಂದು ಹೆಸರಿಟ್ಟು ಮುಗಿಸಿದರು. ಗುಡ್ಡದ ಕಡೆ ಕುರಿ ಮೇಯಿಸುವವರ ಮಕ್ಕಳೂ ಆ ತರಗತಿಯಲ್ಲಿದ್ದರು. ಅವರಿಗೆ ತೋಳವೆಂದರೆ ಬರಿಯ ಚಿತ್ರದ ಪ್ರಾಣಿಯಲ್ಲ.

ತಂದೆ ಪ್ರಭುಲಿಂಗಪ್ಪನವರದು ಕಡಲೆ, ಜೋಳದ ಅಡತಿ ಅಂಗಡಿ. ತಾಯಿ ಆಗಾಗ ಮಗಳನ್ನು ಪಾರ್ಲರಿಗೆ ಕರೆದೊಯ್ದು ದಾರ ಎಳೆಸಿ ಕೂದಲು ತೆಗೆಸಿಕೊಂಡು ಬರುತ್ತಿದ್ದಳು. ಮನೆಗೆ ಬಂದು ಉರಿ ಆರುವವರೆಗೆ ಸುವರ್ಣಾ ಮೊಬೈಲಿನಲ್ಲಿ ಕಂತುಕಂತಾಗಿ ಬರುವ ತೋಳಮಾನವರ ಪ್ರೇಮಕಥೆಗಳನ್ನು ಓದುತ್ತಿದ್ದಳು. ಹುಣ್ಣಿಮೆ ಬಂತೆಂದರೆ ಹುಡುಗನ ಮೈತುಂಬ ಕೂದಲು. ಅವನಿಗೊಂದು ಹಿಂಡು. ಹಿಂಡು ಗುರ್ರೆಂದರೂ ಅವನನ್ನು ಬಿಡದ ಒಬ್ಬ ಹುಡುಗಿ. ಓದುತ್ತ ಓದುತ್ತ ಅವಳಿಗೆ ಒಂದು ಸಂಗತಿ ಹೊಳೆಯಿತು: ಯಾವ ಕಥೆಯಲ್ಲೂ ಹುಡುಗಿಯ ಮುಖದ ಮೇಲೆ ಕೂದಲಿಲ್ಲ. ಇದ್ದರೂ ಮುಂದಿನ ಕಂತಿಗೆ ಉದುರಿಹೋಗಿರುತ್ತದೆ.

ಹುಣ್ಣಿಮೆಗೆ ಏಳುವ ಹಿಂಡು ಅವಳ ಓಣಿಯಲ್ಲೂ ಇತ್ತು. ಹೋಳಿ ಹತ್ತಿರ ಬಂದಂತೆ ಹುಡುಗರು ಹಲಗೆ ಬಾರಿಸುತ್ತ, ಕಾಮಣ್ಣನನ್ನು ಸುಡಲೆಂದು ಮನೆಮನೆಯ ಕಟ್ಟಿಗೆ, ಕುಳ್ಳು ಕದಿಯುತ್ತಾರೆ. ಬಾಯಿಗೆ ಕೈ ಬಡಿದುಕೊಂಡು ಲಬೋ ಲಬೋ ಎಂದು ಒದರುತ್ತಾರೆ. ಆ ದಿನಗಳಲ್ಲಿ ಅವರು ಏನೆಂದರೂ ಯಾರೂ ಸಿಟ್ಟಾಗುವ ಹಾಗಿಲ್ಲ. ಚಿಕ್ಕವಳಿದ್ದಾಗ ಸುವರ್ಣಾಳೂ ಅವರೊಂದಿಗೆ ಓಡಿದವಳೇ. ದೊಡ್ಡವಳಾದ ಮೇಲೆ ಬಾಗಿಲಲ್ಲಿ ನಿಂತು ನೋಡುವ ಪಾಳಿ ಬಂತು. ಅವಳು ನೋಡುತ್ತಿದ್ದದ್ದು ಮುಖ್ಯವಾಗಿ ಕಲ್ಲೇಶನನ್ನು. ಗುಂಪಿನ ಮುಂದಾಳು ಅವನೇ. ಪಿಯುಸಿಯಲ್ಲಿ ಅವಳದೇ ತರಗತಿ. ಅವಳನ್ನು ತ್ವಾಳ ಎಂದು ಕರೆಯದಿದ್ದ ಹುಡುಗ ಅವನೊಬ್ಬನೇ. ಅಷ್ಟರ ಮೇಲೆಯೇ ಅವಳು ಬಹಳಷ್ಟು ಆಸೆ ಕಟ್ಟಿಕೊಂಡಿದ್ದಳು.

ಹೋದ ವರ್ಷ ಶಿವರಾತ್ರಿಗೂ ಮೊದಲೇ ಕಲ್ಲೇಶ ಅವಳನ್ನು ಕಾಲೇಜಿನ ಗೇಟಿನಲ್ಲಿ ನಿಲ್ಲಿಸಿ ಕೇಳಿದ. ಹೋಳಿ ಹಬ್ಬಕ್ಕೆ ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಸೋಗು ಕಟ್ಟಿ ಊರು ಸುತ್ತುವುದು ಅವರ ಓಣಿಯ ರೂಢಿ. ಈ ಸಲದ ಸೋಗು ತೋಳನ ಮದುವೆ. ಸೀರೆ ಉಟ್ಟು ಮದುಮಗಳಾಗಲು ಗೆಳೆಯ ಸಲ್ಮಾನ ಒಪ್ಪಿದ್ದಾನೆ. ಮದುಮಗ ತೋಳನಾಗಿ ನೀನು ಬರುತ್ತೀಯಾ ಎಂದ. ಸುವರ್ಣಾ ಆಯಿತು ಎಂದಳು. ದಾರ ಎಳೆಸಿ ಮುಖಕ್ಕೆ ಗುಳ್ಳೆ ಎದ್ದಿವೆ ಎಂದು ತಾಯಿಗೆ ಹೇಳಿ ಪಾರ್ಲರ್ ತಪ್ಪಿಸಿದಳು. ತನ್ನ ಕೂದಲು ಬೇಕೆಂದು ಯಾರಾದರೂ ಕೇಳಿದ್ದು ಅದೇ ಮೊದಲು.

ಹುಣ್ಣಿಮೆಯ ಮಧ್ಯಾಹ್ನ, ಸಲ್ಮಾನನ ಮನೆಯ ಹಿತ್ತಲಿನಲ್ಲಿ ಕಲ್ಲೇಶ ಟ್ರೇಲರಿಗೆ ತಂತಿಯಿಂದ ತಳಿರು ಕಟ್ಟುತ್ತಿದ್ದ. ಉಳಿದವರು ಚಹಾಕ್ಕೆ ಹೋಗಿದ್ದರು. ಸುವರ್ಣಾ ನೇರವಾಗಿ ಹೇಳಿದಳು.

“ನಾ ಇದನ್ನ ಬೆಳಿಸಿದ್ದು ಸೋಗಿನ ಸಲುವಾಗಿ ಅಲ್ಲ ಕಲ್ಲೇಶ. ನಿನ್ನ ಸಲುವಾಗಿ.”

ಅವನ ಕೈ ತಂತಿಯ ಮೇಲೆ ನಿಂತಿತು. ಆಮೇಲೆ ನಕ್ಕ, ಅಣಕದ ನಗುವಲ್ಲ, ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ.

“ಹುಚ್ಚಿ ಇದ್ದಿ ನೋಡ. ನೀ ನಮ್ಮ ಹುಡುಗೂರ ಪೈಕಿ. ನಾ ನಿನ್ನ ಹುಡುಗಿ ಅಂತ ಯಾವತ್ತೂ ನೋಡೇ ಇಲ್ಲ.”

ಅವನ ಮಟ್ಟಿಗೆ ಅದು ದೊಡ್ಡ ಗೌರವ. ಅದೇ ಉಸಿರಿನಲ್ಲಿ, ಯಾರೂ ನಿನ್ನ ಗುರುತು ಹಿಡಿಯಬಾರದು, ಹತ್ತಿರದ ರೋಣ ಊರಿನ ಹುಡುಗ ಎಂದು ಮೈಕಿನಲ್ಲಿ ಹೇಳುತ್ತೇನೆ ಎಂದೂ ತಿಳಿಸಿದ. ಸುವರ್ಣಾ ಕಂಬಳಿ ಹೊದ್ದು, ಬಾಲ ಕಟ್ಟಿಕೊಂಡು, ರುಮಾಲು ಸುತ್ತಿ ಟ್ರೇಲರ್ ಹತ್ತಿದಳು.

ಸಂಜೆ ಬಜಾರ ತುಂಬಿತ್ತು. ಗುಡ್ಡದ ಗಾಳಿಯಂತ್ರಗಳ ಹಿಂದಿನಿಂದ ಚಂದ್ರ ಏಳುತ್ತಿದ್ದ. ಸಲ್ಮಾನ ಸೆರಗು ಕಚ್ಚಿಕೊಂಡು ನಾಚುತ್ತ, ಗಂಡ ತನ್ನ ಭುಜಕ್ಕೂ ಬರುವುದಿಲ್ಲವೆಂದು ಕಂಡವರಿಗೆಲ್ಲ ದೂರು ಹೇಳುತ್ತಿದ್ದ. ಅಡತಿ ಅಂಗಡಿಯ ಎದುರು ಸೋಗಿನ ಬಂಡಿ ನಿಂತಾಗ ಕಲ್ಲೇಶ ಮೈಕು ಹಿಡಿದ.

“ಮದುಮಗ ರೋಣದಿಂದ ಬಂದಾನ್ರಿ. ಮಾತ ಬರೂದಿಲ್ಲ, ಬರೇ ಒದರತಾನ.”

ಸುವರ್ಣಾ ಅವನ ಕೈಯಿಂದ ಮೈಕು ತೆಗೆದುಕೊಂಡಳು. ಇನ್ನೊಂದು ಕೈಯಿಂದ ರುಮಾಲು ಬಿಚ್ಚಿದಳು. ಜಡೆ ಬೆನ್ನಿಗೆ ಬಿತ್ತು.

“ಮದುಮಗಗ ಮಾತ ಬರತಾವ್ರಿ. ನಾ ರೋಣದಾಂವ ಅಲ್ಲ. ಸುವರ್ಣಾ, ಈ ಅಂಗಡಿ ಪ್ರಭುಲಿಂಗಪ್ಪನವರ ಮಗಳು. ಕಂಬಳಿ ಸೋಗಿಂದು, ಬಾಲ ಸೋಗಿಂದು. ಮಾರಿ ಮ್ಯಾಲಿನ ಕೂದಲಾ ನಂದು.”

ಹಲಗೆಗಳು ಒಂದೊಂದಾಗಿ ನಿಂತವು. ಪಾನ್ ಅಂಗಡಿಯ ಕಡೆಯಿಂದ ಯಾರೋ, ಹಾಗಾದರೆ ಖರೇ ಲಗ್ನ ಯಾರ ಜೋಡಿ ತ್ವಾಳಾ, ಎಂದು ಕೂಗಿದ.

“ನೀ ಹೆದರಬ್ಯಾಡ ಕಾಕಾ. ನಿನ್ನ ಕೇಳಾಕ ಬಂದಿಲ್ಲ.”

ನಗು ಆ ಮನುಷ್ಯನ ಕಡೆ ತಿರುಗಿತು. ಹೋಳಿಯಾದ್ದರಿಂದ ಅವನೂ ಸಿಟ್ಟಾಗುವ ಹಾಗಿರಲಿಲ್ಲ. ಸುವರ್ಣಾ ಮೈಕು ಕೆಳಗಿಟ್ಟು, ಬಾಯಿಗೆ ಕೈ ಬಡಿದುಕೊಂಡು ಒದರಿದಳು. ಹಲಗೆಯಿಲ್ಲದೆ, ಒಬ್ಬಳೇ, ಉಸಿರು ಇರುವ ತನಕ. ಎರಡನೆಯ ಸಲ ಒದರುವಾಗ ಸಲ್ಮಾನ, ಗಂಡ ಒದರಿದ ಮೇಲೆ ಹೆಂಡತಿ ಸುಮ್ಮನಿರಬಾರದು ಎನ್ನುತ್ತ ದನಿಗೂಡಿಸಿದ. ಆಮೇಲೆ ಉಳಿದವರು. ಎಲ್ಲರಿಗಿಂತ ಕೊನೆಗೆ ಕಲ್ಲೇಶ, ತಲೆ ಎತ್ತದೆ, ಹಲಗೆ ಬಾರಿಸಿದ. ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದ ಪ್ರಭುಲಿಂಗಪ್ಪ ಒಳಗೆ ಹೋಗಲಿಲ್ಲ. ಊರಿಗೆ ಹೇಳುವ ಮೊದಲು ನನಗೊಂದು ಮಾತು ಹೇಳಬೇಕಿತ್ತು ಎಂದು ಆಮೇಲೆ ಮನೆಯಲ್ಲಿ ಅಂದರು, ಅಷ್ಟೇ. ತಾಯಿ ಮಾತ್ರ ಆ ರಾತ್ರಿ ಮಗಳ ಜೊತೆ ಮಾತು ಬಿಟ್ಟಳು.

ಅದಕ್ಕೂ ಮೊದಲು, ಬಂಡಿಯ ಸೋಗು ಬಿಚ್ಚುವಾಗ, ಕಲ್ಲೇಶ ಅವಳ ಎದುರು ಬಂದು ನಿಂತಿದ್ದ. ಗುಂಪಿನಲ್ಲಿ ಜಾಗ ಕೊಟ್ಟಿದ್ದೆ, ಹೀಗೆ ಮಾಡಬಾರದಿತ್ತು ಎಂದ.

“ನೀ ಕೊಟ್ಟಿದ್ದು ರೋಣದ ಹುಡುಗಗ,” ಎಂದಳು ಸುವರ್ಣಾ. “ನನ್ನ ಒಲ್ಲೆ ಅನ್ನೋದು ನಿನ್ನ ಕೈಯಾಗ ಐತಿ, ಅನ್ನು. ನಾ ಹುಡುಗಿ ಹೌದೋ ಅಲ್ಲೋ ಅನ್ನೋದು ನಿನ್ನ ಕೈಯಾಗ ಇಲ್ಲ.”

ಮರುದಿನ ನಸುಕಿನಲ್ಲಿ ಕಾಮಣ್ಣನಿಗೆ ಬೆಂಕಿ ಇಟ್ಟರು. ಹೆಣ್ಣುಮಕ್ಕಳು ಕಟ್ಟೆಯ ಮೇಲೆ, ಹುಡುಗರು ಬೆಂಕಿಯ ಸುತ್ತ. ಸುವರ್ಣಾ ಹುಡುಗರ ನಡುವೆ ನಿಂತಿದ್ದಳು, ಚೂಡಿದಾರದಲ್ಲಿ. ಓಣಿಯ ಹಿರಿಯಳು ಸಿದ್ದವ್ವ ಕಟ್ಟೆಯ ಮೇಲಿಂದ, ಈ ಕಡೆ ಬಾ ತಂಗಿ ಎಂದು ಕರೆದಳು.

“ಇಲ್ಲಿಂದನ ಚಲೋ ಕಾಣಸ್ತೈತಿ, ಆಯಿ.”

ಕಲ್ಲೇಶ ಬೆಂಕಿಯ ಆಚೆ ಬದಿಯಲ್ಲಿದ್ದ. ಅವನನ್ನು ನೋಡಿದರೆ ಎದೆ ಇನ್ನೂ ಹಿಂಡುತ್ತಿತ್ತು. ಗಾಳಿ ತಿರುಗಿ ಹೊಗೆ ಅವಳ ಕಡೆ ಬಂತು. ಪಕ್ಕದ ಹುಡುಗರು ಹಿಂದೆ ಸರಿದರು. ಸುವರ್ಣಾ ಕಣ್ಣು ಒರೆಸಿಕೊಂಡು ಅಲ್ಲೇ ನಿಂತಳು.