ಎಡಗಡೆಯ ಅರ್ಧ ಇಂಚು

ನಲವತ್ತು ವರ್ಷ ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹಾಕಿದ್ದಕ್ಕೆ ಅವಳು ಊರಿಗೆಲ್ಲ ಕಾಜಾ ಅಜ್ಜಿ. ಆ ದಿನ ಅವಳು ಹೊರಟದ್ದು ಸೊಸೆಯ ಶಾಲೆ ನೋಡಲು. ಗಾರ್ಮೆಂಟ್ಸ್ ಕಾರ್ಖಾನೆ ಬಿಟ್ಟ ಸೊಸೆ ಮೂವತ್ತಾರರ ವಯಸ್ಸಿನಲ್ಲಿ ಕಂಪ್ಯೂಟರ್ ಕೋಡಿಂಗ್ ಕಲಿಯುತ್ತಿದ್ದಳು. ಅಲ್ಲಿ ಫೀಸಿಲ್ಲ, ಮೇಷ್ಟ್ರೂ ಇಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರೇ ತಿದ್ದುವುದು. ಎರಡು ಸಲ ನಪಾಸಾದ ಸೊಸೆಗೆ ಅಂದು ಕೊನೆಯ ಸರದಿ. ತಪ್ಪಿದರೆ ಸೀಟು ಹೋಗಿ ಮತ್ತೆ ಕಾರ್ಖಾನೆಯೇ ಗತಿ.

ಮೇಷ್ಟ್ರಿಲ್ಲದ ಶಾಲೆಯೂ ಒಂದೇ, ಮೂಗುದಾರವಿಲ್ಲದ ಎತ್ತೂ ಒಂದೇ ಎಂದು ಗೊಣಗುತ್ತ ಅಜ್ಜಿ ಮೂರು ಮಹಡಿ ಹತ್ತಿದಳು. ಉದ್ದನೆಯ ಮೇಜುಗಳು, ಸಾಲು ಪರದೆಗಳು, ಸಂತೆಯಂಥ ಗದ್ದಲ. ಗೋಡೆಯ ಮೇಲೊಂದು ನಿಯಮ. ಅಕ್ಷರ ಕೂಡಿಸಿ ಓದಿದಳು: ಪಕ್ಕದವರನ್ನು ಕೇಳಿ, ಅವರ ಕೈಯಲ್ಲಿ ಬರೆಸಬೇಡಿ.

ಸೊಸೆಯ ಮುಖ ಬಾಡಿತ್ತು. ಎದೆಯಳತೆ ಕೊಟ್ಟರೆ ಅಂಗಿಯ ಬೆನ್ನಿನ ಬಟ್ಟೆ ಎಷ್ಟಗಲ ಕತ್ತರಿಸಬೇಕೆಂದು ಹೇಳುವ ಪ್ರೋಗ್ರಾಂ ಅವಳದು. ಯಾವ ಅಳತೆ ಕೊಟ್ಟರೂ ಉತ್ತರ ಶಾಲೆಯ ಮಾದರಿಗಿಂತ ಅರ್ಧ ಇಂಚು ಕಡಿಮೆ. ಬರೆದ ಸಾಲೆಲ್ಲ ಸರಿಯಿದೆ, ಹೊಲಿಗೆ ತನಗೆ ತಿಳಿಯದು ಎಂದು ಪಕ್ಕದ ಹುಡುಗಿಯೂ ಕೈಚೆಲ್ಲಿದ್ದಳು.

"ಅತ್ತೆ, ನೀವಾದ್ರೂ ಕೇಳಿ."

"ಎರಡನೇ ಕ್ಲಾಸಿನವಳು ನಾನು. ನಂಗೇನೇ ತಿಳಿಯುತ್ತೆ?"

"ತಿಳೀದೇ ಇದ್ದ ಕಡೆ ನಿಲ್ಲಿಸಿ ಕೇಳಿ. ಇಲ್ಲಿ ಮೇಷ್ಟ್ರ ಕೆಲಸ ಅಷ್ಟೇ."

ನಿಯಮ ಮುರಿಯಬಾರದೆಂದು ಅಜ್ಜಿ ಕೈಕಟ್ಟಿ ಕೂತಳು. ಸೊಸೆ ಒಂದೊಂದೇ ಸಾಲು ಬಿಡಿಸಿ ಹೇಳಿದಳು. ಅಳತೆಯನ್ನು ಎರಡು ಪಾಲು ಮಾಡಿದೆ, ಸಡಿಲಕ್ಕೆ ಇಷ್ಟು ಸೇರಿಸಿದೆ, ಹೊಲಿಗೆಗೆ ಅರ್ಧ ಇಂಚು ಬಿಟ್ಟೆ.

"ಯಾವ ಕಡೆ ಬಿಟ್ಟೆ?"

"ಬಲಗಡೆ."

"ಎಡಗಡೆಗೇನು, ಗೋಂದು ಹಚ್ತೀಯಾ?"

ಸೊಸೆ ಹಣೆ ಚಚ್ಚಿಕೊಂಡಳು. ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಅವಳು ಹೊಲಿದದ್ದು ಬಲಗಡೆಯನ್ನು ಮಾತ್ರ. ಎಡಗಡೆ ಪಕ್ಕದ ಮಿಷನ್ನಿನವಳ ಪಾಲು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಅರ್ಧ ಇದ್ದಲ್ಲಿ ಒಂದು ಎಂದು ತಿದ್ದಿದಳು.

ಅವಳ ಕೆಲಸ ನೋಡಲು ಬಂದ ಸಹಪಾಠಿ ಮೊದಲು ಗೋಡೆಗೆ ಬಣ್ಣ ಬಳಿಯುತ್ತಿದ್ದವನು. ಐದು ಅಳತೆ ಹಾಕಿಸಿದ, ಸಾಲುಸಾಲಿಗೂ ಏಕೆಂದು ಕೇಳಿದ, ಪಾಸೆಂದ. ಸೊಸೆ ಅತ್ತೆಯನ್ನು ಕುರ್ಚಿಯ ಸಮೇತ ತಬ್ಬಿಕೊಂಡಳು. ಅಷ್ಟಕ್ಕೇ ಅವನು ಹೋಗಲಿಲ್ಲ. ಒಂದು ಕೋಣೆಗೆ ಎಷ್ಟು ಬಣ್ಣ ಬೇಕೆಂದು ಹೇಳುವ ತನ್ನ ಪ್ರೋಗ್ರಾಂ ಡಬ್ಬಗಟ್ಟಲೆ ಹೆಚ್ಚು ಹೇಳುತ್ತಿದೆ, ಅಜ್ಜಿ ಸ್ವಲ್ಪ ಕೇಳುತ್ತಾರೆಯೇ ಎಂದ.

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಅಜ್ಜಿ ಮತ್ತೆ ಕೈಕಟ್ಟಿದಳು.

"ಹೇಳಪ್ಪ. ಬಾಗಿಲು, ಕಿಟಕಿ ಕಳೆದಿದ್ದೀಯೋ ಇಲ್ವೋ?"